ಡ್ರಾಯಿಂಗ್ ಅಕ್ಕೋರನ್ನು ಕೇಳಿ: ಗ್ಯಾದರಿಂಗ್ ನಾಟಕ, ಬಿರುಕು ಬಿಟ್ಟ ಎತ್ತು, ಮುಳುಗಿದ ಊರು

ಈ ಸಲ ಬಂದ ಪತ್ರಗಳೆಲ್ಲ ಶಾಲೆಯ ನಾಟಕ, ಚಿತ್ರ, ಮಣ್ಣಿನ ಕೆಲಸದ ಬಗ್ಗೆಯೇ ಇವೆ. ಡಿಸೆಂಬರ್ ಹತ್ತಿರ ಬಂದರೆ ನಮ್ಮ ಕಡೆ ಗ್ಯಾದರಿಂಗ್, ಅಂದರೆ ಶಾಲಾ ವಾರ್ಷಿಕೋತ್ಸವದ ಚಿಂತೆ ಶುರುವಾಗುತ್ತದೆ, ಅಲ್ವಾ? ಬಾಗಲಕೋಟೆಯಲ್ಲಿ ಡ್ರಾಯಿಂಗ್ ಟೀಚರ್ ಆಗಿ ನಿವೃತ್ತಳಾದ ನನಗೆ ಇಂಥ ಪತ್ರಗಳೆಂದರೆ ಹಬ್ಬ. ತುಂಬಾ ಉದ್ದ ಇದ್ದವನ್ನು ಸ್ವಲ್ಪ ಕತ್ತರಿಸಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ನಮ್ಮದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಗ್ಯಾದರಿಂಗ್‌ಗೆ ಮೂರು ವಾರ ಉಳಿದಿದೆ. ಐದು ಮತ್ತು ಆರನೇ ತರಗತಿ ಸೇರಿ ನಲವತ್ತು ಮಕ್ಕಳು. ಎಲ್ಲರಿಗೂ ಪಾರ್ಟು ಬೇಕಂತೆ. ಕೈಯಲ್ಲಿ ದುಡ್ಡಿಲ್ಲ. ಸಿನಿಮಾ ಹಾಡಿಗೆ ಡಾನ್ಸ್ ಮಾಡಿಸಿ ಮುಗಿಸಿ ಎನ್ನುತ್ತಾರೆ ಹೆಡ್‌ಮಾಸ್ತರು. ಯಾವ ನಾಟಕದ ಪುಸ್ತಕ ತರಿಸಲಿ?
— ಶಿಕ್ಷಕಿ, ಮುಧೋಳ ತಾಲೂಕು

ಪುಸ್ತಕ ತರಿಸಬೇಡಿ. ತರಿಸಿದರೆ ಮಾತು ಬಾಯಿಪಾಠ ಮಾಡಿಸುವುದರಲ್ಲೇ ಎರಡು ವಾರ ಹೋಗುತ್ತದೆ. ಮೂರನೇ ವಾರ "ಜೋರಾಗಿ ಹೇಳೋ, ಕೇಳ್ಸವಲ್ದು" ಎಂದು ನೀವು ಕೂಗುವುದರಲ್ಲಿ ಮುಗಿಯುತ್ತದೆ. ಕೊನೆಗೆ ಹತ್ತು ಮಕ್ಕಳು ಮಾತಾಡುತ್ತಾರೆ, ಮೂವತ್ತು ಮಕ್ಕಳು ರಟ್ಟಿನ ಈಟಿ ಹಿಡಿದು ಸೈನಿಕರಾಗಿ ನಿಲ್ಲುತ್ತಾರೆ.

ಮಕ್ಕಳಿಗೆ ಮೊದಲೇ ಗೊತ್ತಿರುವ ಕತೆ ಹಿಡಿಯಿರಿ. ಕಾಗಕ್ಕ ಗುಬ್ಬಕ್ಕನ ಕತೆ ಸಾಕು. ಕಾಗಕ್ಕನದು ಸಗಣಿ ಮನೆ, ಗುಬ್ಬಕ್ಕನದು ಕಲ್ಲಿನ ಮನೆ. ಮಳೆ ಬಂತು, ಸಗಣಿ ಮನೆ ಕರಗಿತು, ಕಾಗಕ್ಕ ಬಂದು ಬಾಗಿಲು ಬಡಿದಳು. ಈಗ ಲೆಕ್ಕ ಹಾಕಿ. ಹತ್ತು ಮಕ್ಕಳು ಸಗಣಿ ಮನೆ, ಹತ್ತು ಮಕ್ಕಳು ಕಲ್ಲಿನ ಮನೆ. ಕರಗುವುದು ಹೇಗೆ, ಗಟ್ಟಿ ನಿಲ್ಲುವುದು ಹೇಗೆ ಎಂದು ಅವರ ಮೈಯಿಂದಲೇ ತೋರಿಸಲಿ. ಇನ್ನು ಹತ್ತು ಮಕ್ಕಳು ಮಳೆ. ಒಂದು ಬೆರಳಿಂದ ಅಂಗೈ ತಟ್ಟಿದರೆ ಹನಿ, ಎರಡು ಬೆರಳಾದರೆ ಜಿಟಿಜಿಟಿ, ಐದೂ ಬೆರಳಾದರೆ ಜಡಿಮಳೆ. ಕಣ್ಣು ಮುಚ್ಚಿ ಕೇಳಿದರೆ ನಿಜವಾದ ಮಳೆಯೇ ಅನಿಸುತ್ತದೆ. ಉಳಿದ ಹತ್ತು ಜನರಲ್ಲಿ ಕಾಗಕ್ಕ, ಗುಬ್ಬಕ್ಕ, ಅವರ ಮರಿಗಳು, ಅಕ್ಕಪಕ್ಕದವರು ಎಲ್ಲರೂ ಆದರು. ಪರದೆ ಬೇಡ, ಬಾಡಿಗೆ ಡ್ರೆಸ್ ಬೇಡ.

ಮೊದಲ ವಾರ ಯಾರಿಗೂ ಪಾರ್ಟು ಹಂಚಬೇಡಿ. ಎಲ್ಲರೂ ಕಾಗಕ್ಕ ಆಗಲಿ, ಎಲ್ಲರೂ ಗುಬ್ಬಕ್ಕ ಆಗಲಿ. ಇಬ್ಬಿಬ್ಬರನ್ನು ಎದುರು ಬದುರು ನಿಲ್ಲಿಸಿ ಒಂದೇ ಪ್ರಶ್ನೆ ಕೊಡಿ: ಗುಬ್ಬಕ್ಕ ಬಾಗಿಲು ಯಾಕೆ ತೆಗೆಯಲಿಲ್ಲ? ಮಕ್ಕಳು ಹೇಳುವ ನೆಪಗಳು ನಿಮಗೆ ಹೊಳೆಯುವಂಥವಲ್ಲ. "ತಡಿ, ರೊಟ್ಟಿ ಬಡ್ಯಾಕತ್ತೀನಿ." "ಲೈಟ್ ಹೋಗ್ಯಾವ, ಚಿಲಕ ಸಿಗವಲ್ದು." "ನೀ ಹೋದ ವರ್ಷ ಒಯ್ದ ಜರಡಿ ಇನ್ನಾ ಕೊಟ್ಟಿಲ್ಲ." ಈ ಜರಡಿ ಮಾತನ್ನು ಐದನೇ ತರಗತಿಯ ಹುಡುಗಿಯೊಬ್ಬಳು ಹೇಳಿದ್ದನ್ನು ನಾನೇ ಕೇಳಿದ್ದೇನೆ. ಅಂಥದ್ದನ್ನೆಲ್ಲ ಹಲಗೆ ಮೇಲೆ ಬರೆದಿಡಿ. ನಿಮ್ಮ ಸ್ಕ್ರಿಪ್ಟ್ ಅದೇ. ಎರಡನೇ ವಾರ ಅವನ್ನು ಸಾಲಾಗಿ ಜೋಡಿಸಿ, ಪಾರ್ಟು ಹಂಚಿ. ತಾನೇ ಹುಟ್ಟಿಸಿದ ಮಾತನ್ನು ಮಗು ಮರೆಯುವುದಿಲ್ಲ. ಮರೆತರೂ ಇನ್ನೊಂದು ಹುಟ್ಟಿಸುತ್ತದೆ.

ನಮ್ಮ ಸೀಮೆಯ ಜಾನಪದ ಆಟ ಶ್ರೀಕೃಷ್ಣ ಪಾರಿಜಾತದಿಂದ ಒಂದು ಉಪಾಯ ಕಡ ತನ್ನಿ. ಅಲ್ಲಿ ಸತ್ಯಭಾಮೆಯ ಜೊತೆ ದೂತಿ ಇರುತ್ತಾಳೆ. ನಡುನಡುವೆ ಪ್ರಶ್ನೆ ಕೇಳುತ್ತಾ, ಕೆಣಕುತ್ತಾ ಮಾತು ಮುಂದೆ ನೂಕುತ್ತಾಳೆ. ನಿಮ್ಮ ತರಗತಿಯಲ್ಲೂ ಬಾಯಿ ಸುಮ್ಮನಿರದ ಒಂದು ಮಗು ಇದ್ದೇ ಇರುತ್ತದೆ. ದೂತಿಯ ಕೆಲಸ ಅದಕ್ಕೆ ಕೊಡಿ. ಯಾರಾದರೂ ತಡವರಿಸಿದರೆ "ಅಲ್ಲವಾ ಗುಬ್ಬಕ್ಕಾ, ನಿನಗ ಬಾಗಿಲು ಬಡದದ್ದು ಕೇಳ್ಸಲಿಲ್ಲೇನು?" ಎಂದು ಎತ್ತಿಕೊಡುತ್ತದೆ.

ಮೈಕಿನ ವಿಷಯ. ಒಂದೇ ಮೈಕ್ ನಡುವೆ ನಿಲ್ಲಿಸಿದರೆ ಮಕ್ಕಳು ಆಟ ಬಿಟ್ಟು ಮೈಕಿಗೆ ಓಡುತ್ತಾರೆ. ಅದನ್ನು ಬದಿಯಲ್ಲಿ ಮಳೆಯ ಸದ್ದು ಮಾಡುವ ಮಕ್ಕಳಿಗೆ ಕೊಟ್ಟುಬಿಡಿ. ನಾಟಕವನ್ನು ಸ್ಟೇಜಿನಿಂದ ಇಳಿಸಿ ಅಂಗಳಕ್ಕೆ ತನ್ನಿ, ಮೂರು ಕಡೆ ಜನ ಕೂರಲಿ. ಹೆಡ್‌ಮಾಸ್ತರ ಜೊತೆ ಜಗಳ ಬೇಡ, ಒಂದು ಡಾನ್ಸ್ ಇರಲಿ ಬಿಡಿ. ಎಂಟು ಇರಬಾರದು, ಅಷ್ಟೇ.

ಪ್ರಶ್ನೆ: ಮಣ್ಣೆತ್ತಿನ ಅಮಾವಾಸ್ಯೆಗೆ ಮಕ್ಕಳಿಂದ ಎರೆಮಣ್ಣಿನ ಎತ್ತು ಮಾಡಿಸಿದೆವು. ಮರುದಿನಕ್ಕೇ ಬಿರುಕು ಬಿಟ್ಟವು. ಕೋಡೆಲ್ಲ ಉದುರಿದವು. ಮಕ್ಕಳು ಅತ್ತುಬಿಟ್ಟರು.
— ಶಿಕ್ಷಕ, ಬಸವನ ಬಾಗೇವಾಡಿ

ತಪ್ಪು ಮಕ್ಕಳದಲ್ಲ, ಮಣ್ಣಿನ ಗುಣ ಅದು. ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಬೇಸಿಗೆಯಲ್ಲಿ ಹೊಲ ಹೇಗೆ ಬಾಯಿ ಬಿಡುತ್ತದೆ ನೋಡಿದ್ದೀರಲ್ಲ, ನಿಮ್ಮ ಎತ್ತಿಗೂ ಆದದ್ದು ಅದೇ. ಮೂರು ಪಾಲು ಮಣ್ಣಿಗೆ ಒಂದು ಪಾಲು ಸಣ್ಣಗೆ ಜರಡಿ ಹಿಡಿದ ಮರಳು ಹಾಕಿ. ಒಂದು ಹಿಡಿ ಹತ್ತಿಯನ್ನು ಹಿಂಜಿ ಸೇರಿಸಿ. ಹತ್ತಿ ಇಲ್ಲವಾ, ನೀರಲ್ಲಿ ನೆನೆದ ಪೇಪರ್ ಚೂರಾದರೂ ಆಯಿತು. ಚೆನ್ನಾಗಿ ತುಳಿದು, ಒದ್ದೆ ಚೀಲ ಮುಚ್ಚಿ ಒಂದು ರಾತ್ರಿ ಬಿಡಿ.

ಕೋಡು, ಕಾಲುಗಳನ್ನು ಬೇರೆ ಮಾಡಿ ಅಂಟಿಸಬೇಡಿ. ಒಂದೇ ಮುದ್ದೆಯಿಂದ ಎಳೆದು ತೆಗೆಯಲು ಹೇಳಿ. ಅಂಟಿಸಲೇಬೇಕಾದರೆ ಎರಡೂ ಕಡೆ ಕಡ್ಡಿಯಿಂದ ಗೀರಿ, ತೆಳು ರಾಡಿ ಹಚ್ಚಿ ಒತ್ತಬೇಕು. ಹೊಟ್ಟೆ ದಪ್ಪ ಇದ್ದರೆ ಕೆಳಗಿನಿಂದ ಟೊಳ್ಳು ಮಾಡಿ. ಹೊರಗೂ ಒಳಗೂ ಒಂದೇ ಹದದಲ್ಲಿ ಒಣಗಬೇಕು. ಬಿಸಿಲಿಗೆ ಇಡಬೇಡಿ, ನೆರಳಲ್ಲಿ ಒದ್ದೆ ಬಟ್ಟೆ ಹೊದಿಸಿ ನಿಧಾನ ಒಣಗಿಸಿ.

ಅಂದ ಹಾಗೆ, ಎತ್ತಿಗೇ ನಿಲ್ಲಬೇಡಿ. ಅದಾದ ಮೇಲೆ ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವ ಬರುತ್ತಾಳೆ, ಪಂಚಮಿಗೆ ನಾಗಪ್ಪ, ಚೌತಿಗೆ ಗಣಪ್ಪ, ಅವನ ಬೆನ್ನಿಗೇ ಬುಟ್ಟಿಯಲ್ಲಿ ಕೂತು ಜೋಕುಮಾರ. ಮುಂಗಾರಿನಿಂದ ಭಾದ್ರಪದದವರೆಗೆ ನಮ್ಮ ಕಡೆ ಮಣ್ಣಿನ ಹಬ್ಬ ಒಂದರ ಹಿಂದೆ ಒಂದು. ನಿಮ್ಮ ಅರ್ಧ ವರ್ಷದ ಕ್ರಾಫ್ಟ್ ಪೀರಿಯಡ್‌ಗೆ ಯೋಜನೆಯನ್ನು ನಿಮ್ಮೂರಿನ ಅಜ್ಜಿಯರು ಯಾವತ್ತೋ ಬರೆದಿಟ್ಟಿದ್ದಾರೆ.

ಪ್ರಶ್ನೆ: ಮಗಳು ನಾಲ್ಕನೇ ತರಗತಿ. ಯಾವಾಗ ನೋಡಿದರೂ ಎರಡು ಗುಡ್ಡ, ನಡುವೆ ಸೂರ್ಯ, ಒಂದು ಮನೆ, ಒಂದು ತೆಂಗಿನ ಮರ. ಬೇರೆ ಬರೆಯುವುದೇ ಇಲ್ಲ. ಡ್ರಾಯಿಂಗ್ ಕ್ಲಾಸಿಗೆ ಹಾಕಲಾ? ಪರೀಕ್ಷೆ ಕಟ್ಟಿಸಲಾ?
— ಗೃಹಿಣಿ, ಇಳಕಲ್

ಇಳಕಲ್ಲಿನಲ್ಲಿ ಅಂಥ ಗುಡ್ಡ ಯಾವ ಓಣಿಯಿಂದ ಕಾಣುತ್ತದೆ, ಹೇಳಿ ನೋಡೋಣ! ಯಾರೋ ಹಲಗೆ ಮೇಲೆ ಬರೆದದ್ದನ್ನು ಅವಳು ಕಲಿತಿದ್ದಾಳೆ. ಬೈಯಬೇಡಿ. "ಇದೇನಿದು?" ಎಂದು ಕೇಳುವ ಬದಲು "ಈ ಮನೆಯಲ್ಲಿ ಯಾರಿದ್ದಾರೆ?" ಎಂದು ಕೇಳಿ. ಗುಡ್ಡದ ಮನೆಗೆ ಜನ ಬರಲು ಶುರುವಾಗುತ್ತಾರೆ.

ನಿಮ್ಮೂರಲ್ಲಿ ಮಗ್ಗ ಇವೆ. ಪರಿಚಯದವರ ಮನೆಯಲ್ಲಿ ಮಗ್ಗದ ಮುಂದೆ ಹತ್ತು ನಿಮಿಷ ಕೂರಿಸಿ. ಇಡೀ ಮಗ್ಗ ಬರೆ ಎನ್ನಬೇಡಿ. ನೇಯುವವರ ಕೈ ಮಾತ್ರ ಬರೆಯಲಿ, ಅದೂ ಹಾಳೆ ನೋಡದೆ, ಕೈಯನ್ನೇ ನೋಡುತ್ತಾ. ವಕ್ರ ಬರುತ್ತದೆ, ನಗು ಬರುತ್ತದೆ, ಆದರೆ ಕಣ್ಣು ನೋಡಲು ಕಲಿಯುತ್ತದೆ. ರಬ್ಬರ್ ಕೊಡಬೇಡಿ. ಹಳೇ ಕ್ಯಾಲೆಂಡರಿನ ಹಿಂಬದಿ ಮತ್ತು ಇದ್ದಿಲು ಕೊಡಿ.

ಬಣ್ಣ ಮನೆಯಲ್ಲೇ ಆಗುತ್ತದೆ. ಕೆಮ್ಮಣ್ಣನ್ನು ನೀರಲ್ಲಿ ಕದಡಿ ತೆಳು ಬಟ್ಟೆಯಲ್ಲಿ ಸೋಸಿ. ಅರಿಶಿನಕ್ಕೆ ಚಿಟಿಕೆ ಸುಣ್ಣ ಬಿದ್ದರೆ ಕೆಂಪಾಗುತ್ತದೆ, ಅದನ್ನು ಅವಳೇ ಮಾಡಿ ನೋಡಲಿ, ಸುಣ್ಣ ಮಾತ್ರ ನೀವು ಹಾಕಿ. ಕುಸುಬಿ ಹೂವಿನ ಎಸಳು ನೆನೆಸಿದ ನೀರು ಹಳದಿ. ಇವು ಹಾಳೆಗೆ ಹಿಡಿಯಬೇಕಾದರೆ ಜಾಲಿ ಗಿಡದ ಅಂಟನ್ನು ಬಿಸಿನೀರಲ್ಲಿ ಕರಗಿಸಿ ಬೆರೆಸಿ. ಡ್ರಾಯಿಂಗಿನ ಲೋವರ್, ಹೈಯರ್ ಪರೀಕ್ಷೆಗಳನ್ನು ಹೈಸ್ಕೂಲಿಗೆ ಬಂದ ಮೇಲೆ ಅವಳೇ ಕೇಳಿದರೆ ನೋಡೋಣ.

ಪ್ರಶ್ನೆ: ಅಕ್ಕೋರ, ನಾನು ಎಂಟನೇ ತರಗತಿ. ಸ್ಟೇಜ್ ಹತ್ತಿದರೆ ನನ್ನ ದನಿ ಬರುವುದಿಲ್ಲ. ಅದಕ್ಕೆ ಸರ್ ನನಗೆ ಮರದ ಪಾರ್ಟು ಕೊಟ್ಟಿದ್ದಾರೆ. ಗೆಳೆಯರು ನಗುತ್ತಾರೆ.
— ವಿದ್ಯಾರ್ಥಿ, ಇಂಡಿ

ತಮ್ಮಾ, ನಿಮ್ಮ ಜಿಲ್ಲೆಯಲ್ಲೇ ಗೋಳಗುಮ್ಮಟ ಇದೆ. ಮೇಲಿನ ಗ್ಯಾಲರಿಯಲ್ಲಿ ಒಬ್ಬರು ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಆ ಕಡೆಯವರಿಗೆ ಕೇಳಿಸುತ್ತದೆ. ಅಲ್ಲಿ ಗುಮ್ಮಟ ಕೆಲಸ ಮಾಡುತ್ತದೆ. ಸ್ಟೇಜಿನಲ್ಲಿ ಆ ಕೆಲಸ ನಿನ್ನ ಉಸಿರಿನದು. ದನಿ ಹೋಗುವುದು ಗಂಟಲಿಂದ ಅಲ್ಲ. ಹೆದರಿದಾಗ ಉಸಿರು ಎದೆಯ ಮೇಲೆಯೇ ನಿಂತುಬಿಡುತ್ತದೆ, ಅದಕ್ಕೆ ಮಾತು ಸಿಕ್ಕಿಕೊಳ್ಳುತ್ತದೆ.

ಹೀಗೆ ಮಾಡು. ಹೊಟ್ಟೆ ಮೇಲೆ ಕೈ ಇಟ್ಟು ಮಲಗು. ಉಸಿರು ಎಳೆದಾಗ ಕೈ ಮೇಲೇಳಬೇಕು. ಬಿಡುವಾಗ "ಸ್" ಎಂದು ಎಷ್ಟು ಹೊತ್ತು ಬಿಡುತ್ತೀಯೋ ನೋಡು. ಆಮೇಲೆ ಹೊಲಕ್ಕೆ ಹೋಗು. ಗೆಳೆಯನನ್ನು ಹತ್ತು ಹೆಜ್ಜೆ ದೂರ ನಿಲ್ಲಿಸಿ, ಕಿರುಚದೆ ಅವನಿಗೆ ಒಂದು ಗುಟ್ಟು ಹೇಳು. ಅವನಿಗೆ ಕೇಳಿಸಿದರೆ ಇನ್ನಷ್ಟು ದೂರ ಕಳಿಸು. ಒಬ್ಬನಿಗೇ ಹೇಳುತ್ತಿದ್ದೇನೆ ಅನ್ನುವುದು ತಲೆಯಲ್ಲಿದ್ದರೆ ಎದುರಿಗಿನ ಜನ ಕಾಣುವುದಿಲ್ಲ.

ಮರದ ಪಾರ್ಟನ್ನು ಬಿಡಬೇಡ. ಎಲ್ಲರ ಮಾತನ್ನೂ ಕೇಳಿಸಿಕೊಳ್ಳುವವನು ನಾಟಕದಲ್ಲಿ ನೀನೊಬ್ಬನೇ. ರಾಜ ಸುಳ್ಳು ಹೇಳಿದಾಗ ಒಂದೇ ಒಂದು ಕೊಂಬೆ ಅಲ್ಲಾಡಿಸಿ ನೋಡು. ನಿಮ್ಮ ಸರ್ ಒಪ್ಪಿದರೆ ಮಾತ್ರ ಮತ್ತೆ!

ಪ್ರಶ್ನೆ: ನಾನು ಗಣಿತ ಶಿಕ್ಷಕ. ಎಸ್‌ಎಸ್‌ಎಲ್‌ಸಿ ರಿಸಲ್ಟ್ ಮೇಲೆಯೇ ಎಲ್ಲರ ಕಣ್ಣು. ಕಲೆಯನ್ನು ಪಾಠದಲ್ಲಿ ಬೆರೆಸಿ ಎಂದು ತರಬೇತಿಯಲ್ಲಿ ಹೇಳುತ್ತಾರೆ. ನಲವತ್ತು ನಿಮಿಷದಲ್ಲಿ ಲೆಕ್ಕ ಮಾಡಿಸಲಾ, ಕುಣಿಸಲಾ?
— ಪ್ರೌಢಶಾಲೆ ಶಿಕ್ಷಕ, ಬೆಳಗಾವಿ

ಕುಣಿಸಬೇಡಿ ಸರ್. ಗುಣಾಕಾರದ ಮಗ್ಗಿಗೆ ರಾಗ ಹಾಕಿ ಕಲೆ ಬೆರೆಸಿದೆವು ಎನ್ನುವುದನ್ನು ನಾನೂ ನಂಬುವುದಿಲ್ಲ. ಆದರೆ ಚೌಕಳಿ ಹಾಳೆ ನಿಮ್ಮ ಹತ್ತಿರ ಇದೆ, ಕಸೂತಿ ನಮ್ಮ ನಾಡಿನಲ್ಲಿದೆ. ಗವಂತಿ ಹೊಲಿಗೆಯಲ್ಲಿ ದಾರ ಒಂದು ಬಿಟ್ಟು ಒಂದು ಗೆರೆ ಹೊಲಿದುಕೊಂಡು ಹೋಗುತ್ತದೆ, ವಾಪಸು ಬರುವಾಗ ಬಿಟ್ಟದ್ದನ್ನು ತುಂಬುತ್ತದೆ. ಹಿಂದೆ ಮುಂದೆ ಎರಡೂ ಕಡೆ ಒಂದೇ ಚಿತ್ರ. ಗಂಟು ಹಾಕುವ ಹಾಗಿಲ್ಲ.

ಈಗ ಹಲಗೆ ಮೇಲೆ ಒಂದು ಚೌಕ ಬರೆದು ಎರಡೂ ಕರ್ಣ ಎಳೆಯಿರಿ. ಪೆನ್ಸಿಲ್ ಎತ್ತದೆ, ಬರೆದ ಗೆರೆ ಮೇಲೆ ಮತ್ತೆ ಹೋಗದೆ ಇದನ್ನು ಬರೆಯಿರಿ ಎಂದು ಮಕ್ಕಳಿಗೆ ಹೇಳಿ. ಆಗುವುದಿಲ್ಲ. ನಾಲ್ಕು ಮೂಲೆಯಲ್ಲೂ ಮೂರು ಮೂರು ಗೆರೆ ಸೇರುತ್ತವೆ. ಇಂಥ ಬೆಸ ಮೂಲೆ ಎರಡಕ್ಕಿಂತ ಜಾಸ್ತಿ ಇದ್ದರೆ ದಾರಿ ಮುಗಿಯುವುದಿಲ್ಲ. ಆದರೆ ಕಸೂತಿ ಹೆಣ್ಣುಮಗಳು ಅದೇ ಚಿತ್ರವನ್ನು ಒಂದೇ ದಾರದಲ್ಲಿ ಹೊಲಿಯುತ್ತಾಳೆ, ಹೇಗೆ? ಪ್ರತಿ ಗೆರೆ ಮೇಲೆ ಎರಡು ಸಲ ಓಡಾಡುತ್ತಾಳಲ್ಲ, ಬೆಸ ಎಲ್ಲ ಸಮ ಆಯಿತು. ಈ ಉತ್ತರವನ್ನು ನೀವು ಹೇಳಬೇಡಿ, ಹಾಳೆ ಮೇಲೆ ಅವರೇ ಹುಡುಕಲಿ. ಆಮೇಲೆ ಗೋಪುರ, ತೇರು, ತುಳಸಿಕಟ್ಟೆ ಅವರಿಗೆ ಬೇಕಾದ್ದು ಬರೆದುಕೊಳ್ಳುತ್ತಾರೆ.

ಇನ್ನೊಂದು ಬಯಲಿಗೆ. ಬಾದಾಮಿಯ ಮೊದಲನೇ ಗುಹೆಯ ನಟರಾಜನಿಗೆ 18 ಕೈ. ಒಂಬತ್ತು ಮಕ್ಕಳನ್ನು ಒಬ್ಬರ ಹಿಂದೆ ಒಬ್ಬರು ನಿಲ್ಲಿಸಿ, ಮುಂದಿನಿಂದ ಒಂದೇ ಮೈ ಕಾಣಬೇಕು. ಕೈಗಳು ಬೀಸಣಿಗೆ ಬಿಚ್ಚಿದ ಹಾಗೆ ಸಮ ಅಂತರದಲ್ಲಿ ಬಿಚ್ಚಿಕೊಳ್ಳಬೇಕು. ಎಷ್ಟೆಷ್ಟು ಕೋನ? ಹೊರಗೆ ನಿಂತ ಮಕ್ಕಳು ಲೆಕ್ಕ ಹಾಕಿ ಕೈ ಸರಿ ಮಾಡಲಿ. ಹತ್ತೇ ನಿಮಿಷದ ಕೆಲಸ. ಬ್ಯಾಗ್ ಇಲ್ಲದ ಶನಿವಾರ ಸಿಕ್ಕರೆ ಬಾದಾಮಿಗೇ ಕರೆದುಕೊಂಡು ಹೋಗಿ ಎನ್ನುತ್ತಿದ್ದೆ, ಬೆಳಗಾವಿಯಿಂದ ದೂರ ಆಯಿತು.

ಪ್ರಶ್ನೆ: ಪೋಸ್ಟರ್ ಕಲರ್ ಮುಖಕ್ಕೆ ಬಳಿದು ಮಗನಿಗೆ ದದ್ದು ಎದ್ದಿದೆ. ಹಳೇ ಕಾಲದ ಬಣ್ಣವೇ ಒಳ್ಳೆಯದಾ?
— ಪೋಷಕರು, ಜಮಖಂಡಿ

ಪೋಸ್ಟರ್ ಕಲರ್ ಕಾಗದಕ್ಕೆ ಮಾತ್ರ. ದದ್ದು ಇಳಿಯದಿದ್ದರೆ ಡಾಕ್ಟರಿಗೆ ತೋರಿಸಿ. ಹಳೆಯದೆಲ್ಲ ಒಳ್ಳೆಯದು ಎನ್ನುವುದೂ ಸುಳ್ಳು. ಬಯಲಾಟದವರು ಬಳಸುತ್ತಿದ್ದ ಕೆಂಪು ಬಣ್ಣ ಇಂಗಳೀಕದಲ್ಲಿ ಪಾದರಸ ಇದೆ, ಹಳದಿ ಬಣ್ಣ ಅರದಾಳದಲ್ಲಿ ಆರ್ಸೆನಿಕ್ ಇದೆ. ಮಕ್ಕಳ ಹತ್ತಿರ ಸುಳಿಯಬಾರದು. ಮುಖಕ್ಕೆಂದೇ ಮಾಡಿದ ಬಣ್ಣ ತನ್ನಿ, ಹಿಂದಿನ ದಿನ ಮೊಣಕೈ ಒಳಬದಿಗೆ ಒಂದು ಚುಕ್ಕೆ ಹಚ್ಚಿ ನೋಡಿ. ನನ್ನನ್ನು ಕೇಳಿದರೆ ಕಾಡಿಗೆಯಿಂದ ಮೀಸೆ ಬರೆದರೆ ಸಾಕು. ಹುಲಿ ಬೇಕಾದರೆ ಪೇಪರ್ ಮತ್ತು ಮೈದಾ ಅಂಟಿನ ಮುಖವಾಡ ಮಾಡಿಸಿ, ಉಬ್ಬಿದ ಬಲೂನಿನ ಮೇಲೆ ನಾಲ್ಕೈದು ಪದರ ಅಂಟಿಸಿ ಒಣಗಿದ ಮೇಲೆ ಕತ್ತರಿಸಿದರೆ ಎರಡು ಮುಖ ಆಗುತ್ತವೆ.

ಪ್ರಶ್ನೆ: ಮಗಳು ನಾಟಕದಲ್ಲಿ ಆರಿಸಿ ಬಂದಿದ್ದಾಳೆ. ಹೆಣ್ಣುಹುಡುಗಿ ಕುಣಿಯುವುದು ಬೇಡ ಎಂದು ನಮ್ಮ ಮಾವನವರು ಹಟ ಹಿಡಿದಿದ್ದಾರೆ.
— ತಾಯಿ, ಗೋಕಾಕ

ನಿಮ್ಮ ತಾಲೂಕಿನವರೇ ಕೌಜಲಗಿ ನಿಂಗಮ್ಮ. ಪಾರಿಜಾತ ಆಡಿ ನಾಡೆಲ್ಲ ಹೆಸರಾದವರು. ನಮ್ಮ ಬೀಳಗಿಯ ಅಮೀರ್‌ಬಾಯಿ ಕರ್ನಾಟಕಿ ಮುಂಬೈಗೆ ಹೋಗಿ ಹಾಡಿ, ನಟಿಸಿ ದೊಡ್ಡ ಹೆಸರು ಮಾಡಿದರು. ಆದರೆ ಇದನ್ನೆಲ್ಲ ಮಾವನವರ ಎದುರು ವಾದಕ್ಕೆ ಬಳಸಬೇಡಿ, ಸೋಲುತ್ತೀರಿ. "ಮಾವಾ, ನೀವು ವಯಸ್ಸಿನಲ್ಲಿದ್ದಾಗ ಆಟದಾಗ ಯಾವ ಪಾರ್ಟು ಮಾಡಿದ್ದಿರಿ?" ಎಂದು ಒಂದು ಸಂಜೆ ಸುಮ್ನೆ ಕೇಳಿ. ಆ ವಯಸ್ಸಿನವರು ಆಟದಲ್ಲಿ ಒಮ್ಮೆಯಾದರೂ ಹೆಜ್ಜೆ ಹಾಕಿರುತ್ತಾರೆ, ಇಲ್ಲವೇ ರಾತ್ರಿಯೆಲ್ಲ ಕೂತು ನೋಡಿರುತ್ತಾರೆ. ಮೊಮ್ಮಗಳಿಗೆ ಒಂದು ಹಾಡು ಹೇಳಿಕೊಡಿ ಎಂದು ಕೇಳಿ, ತಾಲೀಮಿಗೆ ಕರೆದುಕೊಂಡು ಹೋಗಿ. ಕಳಿಸದಿದ್ದವರು ತಾವೇ ಕೂತು ತಿದ್ದಲು ಶುರು ಮಾಡುತ್ತಾರೆ. ಆಗ ಟೀಚರ್ ಪಾಡು ನನ್ನನ್ನು ಕೇಳಬೇಡಿ.

ಪ್ರಶ್ನೆ: ನಮ್ಮದು ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿದ ಊರಿನ ಪುನರ್ವಸತಿ ಕೇಂದ್ರ. ಸ್ಥಳೀಯ ಇತಿಹಾಸದ ಮೇಲೆ ನಾಟಕ ಮಾಡಿ ಎಂದಿದ್ದಾರೆ. ಈ ಊರಿಗೆ ಇತಿಹಾಸವೇ ಇಲ್ಲ. ಸಾಲು ಮನೆ, ನಂಬರ್ ಹಾಕಿದ ರಸ್ತೆ ಅಷ್ಟೇ. ಏನು ಮಾಡಲಿ?
— ಶಿಕ್ಷಕಿ, ಬಾಗಲಕೋಟೆ ತಾಲೂಕು

ಇತಿಹಾಸ ಇಲ್ಲ ಎಂದಿರಾ? ನಾನು ಹಳೇ ಬಾಗಲಕೋಟೆ ಕಂಡವಳು, ಮುಳುಗಡೆಯವರಿಗೆಂದು ನವನಗರ ಎದ್ದದ್ದನ್ನೂ ಕಂಡವಳು. ನಿಮ್ಮ ಪತ್ರವನ್ನು ಎಲ್ಲಕ್ಕಿಂತ ಜಾಸ್ತಿ ಸಲ ಓದಿದೆ.

ನಮ್ಮ ಶಾಲೆಯಲ್ಲಿ ಇಂಥದೊಂದು ಮಾಡಿದ್ದೆವು, ಅದನ್ನೇ ಹೇಳುತ್ತೇನೆ. ಮೊದಲು ನಾಟಕ ಎನ್ನುವ ಮಾತೇ ಎತ್ತಬೇಡಿ. ಪ್ರತಿ ಮಗು ಮನೆಯಲ್ಲಿ ಹಳೇ ಊರಿನಿಂದ ಬಂದ ಒಂದು ಸಾಮಾನು ಹುಡುಕಲಿ. ಬೀಸುಕಲ್ಲು ಇರಬಹುದು, ಕಿತ್ತು ತಂದ ಬಾಗಿಲ ಚೌಕಟ್ಟು ಇರಬಹುದು, ತೊಟ್ಟಿಲ ಬಳೆ ಇರಬಹುದು. ಅದರ ಚಿತ್ರ ಬರೆದು, ಅದು ಹೇಗೆ ಬಂತು ಎಂದು ಮನೆಯ ಹಿರಿಯರನ್ನು ಕೇಳಿ ಬರಲಿ. ನೋಟ್‌ಬುಕ್ ಸಾಕು, ಫೋನಿನಲ್ಲಿ ರೆಕಾರ್ಡ್ ಬೇಡ. ಫೋನ್ ಕಂಡರೆ ಅಜ್ಜಂದಿರು ಭಾಷಣ ಶುರು ಮಾಡುತ್ತಾರೆ.

ಆಮೇಲೆ ಒಂದು ಸಂಜೆ ಹಿರಿಯರನ್ನು ಶಾಲೆಯ ಅಂಗಳಕ್ಕೆ ಕರೆಸಿ. ಮಕ್ಕಳ ಕೈಗೆ ರಂಗೋಲಿ ಕೊಡಿ. ಹಿರಿಯರು ಹೇಳುತ್ತಾ ಹೋದ ಹಾಗೆ ಹಳೇ ಊರಿನ ನಕ್ಷೆ ನೆಲದ ಮೇಲೆ ಬರಲಿ: ಅಗಸಿ (ಊರಬಾಗಿಲು) ಎಲ್ಲಿ, ಹನುಮಪ್ಪನ ಗುಡಿ ಎಲ್ಲಿ, ಮಸೂತಿ ಎಲ್ಲಿ, ಕಾಳು ತುಂಬಿಡುವ ಹಗೇವು ಎಲ್ಲಿ. ಐದು ನಿಮಿಷದಲ್ಲಿ ಜಗಳ ಹತ್ತುತ್ತದೆ. "ಬಾವಿ ಗುಡಿ ಹಿಂದ ಇತ್ತಲೇ." "ಹುಚ್ಚಾ, ಗೌಡರ ಮನಿ ಮುಂದ ಇತ್ತು." ಬಿಡಿಸಲು ಹೋಗಬೇಡಿ. ಮಕ್ಕಳಿಗೆ ಬರೆದುಕೊಳ್ಳಲು ಹೇಳಿ. ನಿಮ್ಮ ನಾಟಕದ ಮೊದಲ ದೃಶ್ಯ ಸಿಕ್ಕಿತು.

ಉಳಿದ ದೃಶ್ಯಗಳಿಗೆ ನೀವೇ ಪಾತ್ರವಾಗಿ ಒಳಗೆ ಹೋಗಿ. ಇಂಗ್ಲೆಂಡಿನಲ್ಲಿ ಡೊರೊಥಿ ಹೀತ್‌ಕೋಟ್ ಎಂಬ ನಾಟಕ ಶಿಕ್ಷಕಿ ಇದ್ದರು, ಹದಿಹರೆಯದಲ್ಲೇ ಉಣ್ಣೆ ಗಿರಣಿಯಲ್ಲಿ ನೇಯ್ಗೆಗೆ ಸೇರಿದ್ದ ಹೆಣ್ಣುಮಗಳು. ಟೀಚರೇ ಒಂದು ವೇಷ ಹೊತ್ತು ಮಕ್ಕಳ ಆಟದೊಳಗೆ ಬರುವ ಪದ್ಧತಿಗೆ ಅವರದೇ ದೊಡ್ಡ ಹೆಸರು. ನೀವು ಒಂದು ಫೈಲ್ ಹಿಡಿದು, ಕನ್ನಡಕ ಏರಿಸಿ ನೋಟಿಸ್ ತಂದ ಸಾಹೇಬರಾಗಿ ಬನ್ನಿ. "ನೀರು 519.60 ಮೀಟರ್‌ವರೆಗೆ ಬರುತ್ತದೆ, ನಿಮ್ಮ ಮನೆ ಅದರ ಕೆಳಗಿದೆ" ಎಂದು ಓದಿ. ಆಲಮಟ್ಟಿ ಜಲಾಶಯ ತುಂಬಿದಾಗಿನ ಮಟ್ಟ ಅದು. ಮೀಟರ್ ಅಂದರೆ ಏನು, ಎಲ್ಲಿಂದ ಅಳೆದಿರಿ, ನಮ್ಮ ಎಮ್ಮೆ ಎಲ್ಲಿ ಕಟ್ಟಬೇಕು ಎಂದು ಮಕ್ಕಳು ಕೇಳಲು ಶುರು ಮಾಡುತ್ತಾರೆ. ಉತ್ತರ ಗೊತ್ತಿಲ್ಲದ ಸಾಹೇಬರಾಗಿಯೇ ಇರಿ.

ನೀರು ಬರುವುದನ್ನು ತೋರಿಸಲು ನೀಲಿ ಸೀರೆ ಹಿಡಿಸುವುದನ್ನು ಬಹಳ ಕಡೆ ನೋಡಿದ್ದೀರಿ. ನಮ್ಮ ಮಕ್ಕಳು ಬೇರೆ ಮಾಡಿದರು. ಸಾಲಾಗಿ ನೆಲಕ್ಕೆ ಕೂತು, ಒಟ್ಟಿಗೆ ಸರಿಯುತ್ತಾ ಸರಿಯುತ್ತಾ ರಂಗೋಲಿ ನಕ್ಷೆ ಮೇಲೆ ಬಂದರು. ಅಗಸಿ ಅಳಿಸಿತು, ಗುಡಿ ಅಳಿಸಿತು. ಚಡ್ಡಿ, ಲಂಗವೆಲ್ಲ ಬಿಳಿ. ತಾಯಂದಿರು ಬೈದರು, ಅದು ಬೇರೆ ಮಾತು.

ಒಂದು ಎಚ್ಚರ. ಅಳುವ ನಾಟಕ ಮಾಡಬೇಡಿ. ಹಿರಿಯರ ದುಃಖವನ್ನು ಅವರ ಎದುರೇ ಮಕ್ಕಳು ಕಿರುಚಿ ತೋರಿಸಿದರೆ ನೋಡಲಾಗುವುದಿಲ್ಲ. ಯಾರ ಮನೆ ಕತೆ ಬಳಸುತ್ತೀರೋ ಅವರನ್ನು ಮೊದಲೇ ಕೇಳಿ, ಬೇಡ ಎಂದರೆ ಬಿಡಿ. ಪರಿಹಾರದ ಸಿಟ್ಟು ಬಂದೇ ಬರುತ್ತದೆ. ಬರಲಿ, ಯಾರ ಹೆಸರೂ ಬೇಡ. ಹೊಸ ಊರಿನ ಬಗ್ಗೆ ಒಳ್ಳೆಯ ಮಾತು ಬಂದರೆ ಅದನ್ನೂ ಅಳಿಸಬೇಡಿ. ಎಲ್ಲರೂ ಹಳೇ ಊರು ಹಳೇ ಊರು ಎನ್ನುತ್ತಿರುವಾಗ ಒಬ್ಬ ಹುಡುಗಿ ಎದ್ದು ನಿಂತು, "ಹೊಸ ಊರಾಗ ನಮ್ಮವ್ವಗ ಪಾಯಖಾನಿ ಐತ್ರೀ ಅಕ್ಕೋರ, ಅಲ್ಲಿ ಕತ್ತಲಾಗೂತನ ಕಾಯ್ಬೇಕಿತ್ತಂತ" ಎಂದಳು. ಮುಂದಿನ ಸಾಲಿನ ಅಜ್ಜಿಯರು ಜೋರಾಗಿ ಚಪ್ಪಾಳೆ ತಟ್ಟಿದರು. ಅಜ್ಜಂದಿರು ತಟ್ಟಲಿಲ್ಲ.

ನಕ್ಷೆಯನ್ನು ಅಳಿಸುವ ಮೊದಲು ದೊಡ್ಡ ಹಾಳೆಗೆ ಇಳಿಸಿಕೊಳ್ಳಿ. ಅದನ್ನು ಗೋಡೆಗೆ ಹಾಕಿ, ಪಕ್ಕದಲ್ಲಿ ಒಂದು ಪೆನ್ಸಿಲ್ ಕಟ್ಟಿ ತೂಗುಬಿಡಿ. ಬಾವಿಯ ಜಗಳ ಇನ್ನೂ ಮುಗಿದಿರುವುದಿಲ್ಲ.

ಪ್ರಶ್ನೆ: ಗ್ಯಾದರಿಂಗ್‌ನಲ್ಲಿ ಉತ್ತಮ ನಟ, ಉತ್ತಮ ನಟಿ ಬಹುಮಾನ ಯಾರಿಗೆ ಕೊಡಬೇಕು ಎಂದು ಸ್ಟಾಫ್‌ರೂಮಿನಲ್ಲಿ ಜಗಳ ನಡೆದಿದೆ. ಹೇಗೆ ಬಗೆಹರಿಸಲಿ?
— ಮುಖ್ಯ ಶಿಕ್ಷಕ, ಹುನಗುಂದ ತಾಲೂಕು

ಯಾರಿಗೂ ಕೊಡಬೇಡಿ. ಆ ಕಪ್ಪುಗಳ ದುಡ್ಡಿನಲ್ಲಿ ಎಲ್ಲ ಮಕ್ಕಳಿಗೂ ಒಗ್ಗರಣಿ ಚುರಮುರಿ, ಬಿಸಿ ಮಿರ್ಚಿ ತರಿಸಿ. ಪರದೆ ಎಳೆದ ಹುಡುಗನಿಗೆ ಎರಡು ಮಿರ್ಚಿ.